ಚಾಪ್ಲಿನ್ ಆತ್ಮಕಥೆ: ಮೊದಲರ್ಧಕ್ಕೆ ಚಪ್ಪಾಳೆ, ಉಳಿದದ್ದಕ್ಕೆ ಗೊಣಗಾಟ

[ತೆರೆಯ ಮೇಲೆ: ಟೋಪಿ, ಬೆತ್ತ, ಪುಟ್ಟ ಮೀಸೆ]

ಬಾಯೇ ಬಿಡದೆ ಜಗತ್ತನ್ನು ನಗಿಸಿದ ಮನುಷ್ಯ, 1964ರಲ್ಲಿ ಸುಮಾರು ಐನೂರು ಪುಟ ಮಾತಾಡಿಬಿಟ್ಟರು. ಚಾರ್ಲಿ ಚಾಪ್ಲಿನ್ ಆತ್ಮಕಥೆ ಬಂದಾಗ ಅವರಿಗೆ 75 ವರ್ಷ. ಓದಿದವರಲ್ಲಿ ಎರಡು ಅಭಿಪ್ರಾಯ. ತಮಾಷೆ ಏನಂದ್ರೆ, ಹೊಗಳಿದವರೂ ಗೊಣಗಿದವರೂ ಎಷ್ಟೋ ಸಲ ಒಬ್ಬರೇ! ಬಾಲ್ಯದ ಪುಟಗಳಲ್ಲಿ ಕಣ್ಣೊರೆಸಿಕೊಂಡವರೇ ಆಮೇಲೆ ಆಕಳಿಸಿದರು.

ಮೊದಲು ಬಾಲ್ಯ ನೋಡೋಣ.

[ತೆರೆಯ ಮೇಲೆ: ಹಳೆಯ ಲಂಡನ್ ಬೀದಿ]

ತಾಯಿ ಹ್ಯಾನಾ ನಾಟಕಶಾಲೆಗಳಲ್ಲಿ ಹಾಡುತ್ತಿದ್ದವರು. ಆಲ್ಡರ್‌ಶಾಟ್‌ನಲ್ಲಿ ಒಂದು ರಾತ್ರಿ ಹಾಡಿನ ನಡುವೆ ಗಂಟಲು ಕೈಕೊಟ್ಟಿತು. ಜನ ಅಣಕಿಸತೊಡಗಿದರು. ಮ್ಯಾನೇಜರ್ ಐದು ವರ್ಷದ ಚಾರ್ಲಿಯನ್ನು ಕೈಹಿಡಿದು ವೇದಿಕೆಗೆ ತಂದು ಬಿಟ್ಟ. ಹುಡುಗ ಹಾಡಿದ, ಚಿಲ್ಲರೆ ಕಾಸು ಬಂದು ಬಿತ್ತು. ಅವನು ಹಾಡು ನಿಲ್ಲಿಸಿ, ಮೊದಲು ಕಾಸು ಆರಿಸ್ಕೊಳ್ತೀನಿ, ಆಮೇಲೆ ಹಾಡ್ತೀನಿ ಅಂದ. ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ಕರ್ಚೀಫು ತಂದು ಕಾಸು ಆರಿಸಲು ಕೂತ. ಎಲ್ಲಿ ಇವನೇ ಇಟ್ಟುಕೊಳ್ತಾನೋ ಅಂತ ಹುಡುಗ ಅವನ ಹಿಂದೆಯೇ ಓಡಿದ. ಮತ್ತೆ ನಗು. ಆಮೇಲೆ ಏನು ಮಾಡಿದ ಗೊತ್ತಾ? ಅಮ್ಮನ ಹಾಡನ್ನೇ, ಅವಳ ದನಿ ಒಡೆದ ಹಾಗೆಯೇ, ಅನುಕರಣೆ ಮಾಡಿ ತೋರಿಸಿದ. ಚಪ್ಪಾಳೆಯೋ ಚಪ್ಪಾಳೆ. ಅದು ಮಗನ ಮೊದಲ ವೇದಿಕೆ, ತಾಯಿಯ ಕೊನೆಯದು.

ಮುಂದೆ ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ಇಟ್ಟುಕೊಂಡು ದುಡಿಸುವ ಜಾಗ. ಆಮೇಲೆ ತಾಯಿಗೆ ಮತಿಭ್ರಮಣೆ. ಆಸ್ಪತ್ರೆಗೆ ನೋಡಲು ಹೋದ ಮಗನಿಗೆ ಅವಳು ಹೇಳಿದ್ದು: ಅವತ್ತು ಮಧ್ಯಾಹ್ನ ಒಂದು ಕಪ್ ಟೀ ಕೊಟ್ಟಿದ್ದರೆ ನನಗೆ ಏನೂ ಆಗ್ತಿರಲಿಲ್ಲ. ಈ ಮಾತನ್ನು ಮುಚ್ಚಿಡದೆ ಬರೆಯೋಕೆ ಗುಂಡಿಗೆ ಬೇಕು.

ಹಾಗಾದರೆ ಗೊಣಗಾಟ ಯಾಕೆ?

[ತೆರೆಯ ಮೇಲೆ: ಚರ್ಚಿಲ್, ಐನ್‌ಸ್ಟೈನ್ ಫೋಟೋಗಳು]

ಹೆಸರು ಬಂದ ಮೇಲೆ ಪುಸ್ತಕ ದೊಡ್ಡವರ ಜೊತೆಗಿನ ಊಟ, ಭೇಟಿಗಳಲ್ಲೇ ಜಾಸ್ತಿ ಸುತ್ತುತ್ತದೆ. 1931ರಲ್ಲಿ ಲಂಡನ್‌ನಲ್ಲಿ ಗಾಂಧೀಜಿಯನ್ನು ಕಂಡು, ಯಂತ್ರಗಳ ಮೇಲೆ ನಿಮಗೇಕೆ ಸಿಟ್ಟು ಅಂತ ಕೇಳಿದ್ದೂ ಇಲ್ಲೇ ಬರುತ್ತೆ. ನಮ್ಮವರು ಹುಡುಕಿ ಓದುವ ಪುಟ ಅದು, ಓದಬೇಕಾದ್ದೇ. ಆದರೆ ಒಂದು ನಗುವಿನ ದೃಶ್ಯವನ್ನು ಹೇಗೆ ಕಟ್ಟಿದರು ಅಂತ ತಿಳಿಯಲು ಬಂದವರಿಗೆ ಸಿಕ್ಕಿದ್ದು ಕಡಿಮೆ. 1910ರಲ್ಲಿ ಇವರಿದ್ದ ನಾಟಕ ತಂಡದಲ್ಲೇ ಅಮೆರಿಕಕ್ಕೆ ಬಂದ, ಇವರ ಪಾತ್ರಕ್ಕೆ ಬದಲಿ ನಟನಾಗಿದ್ದ ಸ್ಟಾನ್ ಲಾರೆಲ್ ಬಗ್ಗೆ ಮಾತೇ ಇಲ್ಲ. ಲಾರೆಲ್ ಮತ್ತು ಹಾರ್ಡಿ ಜೋಡಿಯ ಅದೇ ಲಾರೆಲ್!

ನನಗೆ ಇದಕ್ಕಿಂತ ಚುಚ್ಚುವುದು ಎರಡನೇ ಮದುವೆ. 1924ರಲ್ಲಿ ಲೀಟಾ ಗ್ರೇಯನ್ನು ಮದುವೆಯಾದಾಗ ಇವರಿಗೆ 35, ಅವಳಿಗೆ 16. ಪುಸ್ತಕದಲ್ಲಿ ಅವಳ ಹೆಸರೂ ಇಲ್ಲ. ಬೆಳೆದ ಇಬ್ಬರು ಗಂಡುಮಕ್ಕಳಿದ್ದಾರೆ, ಅವರ ಮೇಲೆ ಪ್ರೀತಿಯಿದೆ, ಹಾಗಾಗಿ ವಿವರಕ್ಕೆ ಹೋಗಲ್ಲ ಅಂತ ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ಮಕ್ಕಳಿಗಾಗಿ ಬಾಯಿ ಮುಚ್ಚಿಕೊಂಡರು, ತಪ್ಪೇನು ಅನ್ನುವವರಿದ್ದಾರೆ. ಒಪ್ಪೋಣ. ಆದರೆ 1940ರ ದಶಕದಲ್ಲಿ ಜೋನ್ ಬ್ಯಾರಿ ಎಂಬಾಕೆ ಹೂಡಿದ ಪಿತೃತ್ವದ ಕೇಸಿನ ಕಥೆ ಮಾತ್ರ ವಿವರವಾಗಿಯೇ ಬರುತ್ತೆ. ಅಲ್ಲಿ ರಕ್ತಪರೀಕ್ಷೆ ಇವರ ಪರವಾಗಿತ್ತು, ಆದರೂ ತೀರ್ಪು ಇವರ ವಿರುದ್ಧ ಬಂತು. ಅಂದರೆ ತಮಗೆ ನೋವಾದ ಕಡೆ ಚಾಪ್ಲಿನ್ ಎದೆ ಬಿಚ್ಚುತ್ತಾರೆ. ತಮ್ಮ ಕೈ ಮೇಲಿದ್ದ ಕಡೆ ಬಾಗಿಲು ಹಾಕಿಕೊಳ್ಳುತ್ತಾರೆ.

ಆ ಕಾಲದಲ್ಲೇ ಇದಕ್ಕೊಂದು ಉತ್ತರವೂ ಬಂತು. 1966ರಲ್ಲಿ ಲೀಟಾ ತನ್ನದೇ ಪುಸ್ತಕ ತಂದರು. ಅದೂ ಒಂದು ಕಡೆಯ ಕಥೆಯೇ, ಸುಮ್ನೆ ನಂಬಿಬಿಡಬೇಕಿಲ್ಲ. ಆದರೆ ಚಾಪ್ಲಿನ್ ಬಿಟ್ಟ, ಆ ಮದುವೆಯ ಎರಡು ವರ್ಷ ಅಲ್ಲಿ ಸಿಗುತ್ತೆ. ಎರಡನ್ನೂ ಓದಿದವರು ಯಾರಾದರೂ ಇದ್ದರೆ, ಯಾರ ಮಾತು ಜಾಸ್ತಿ ನಿಜ ಅನ್ನಿಸಿತು ಅಂತ ಕೆಳಗೆ ಬರೆಯಿರಿ.