ಒಂದೇ ಐಎಸ್‌ಒ, ಎರಡು ಬಗೆಯ ಸೋಲು: ಇನ್‌ಸ್ಟಾಲ್ ನಿಲ್ಲುವುದು ಎಲ್ಲಿ, ಕೆಡುವುದು ಎಲ್ಲಿ?

ನಮಸ್ಕಾರ. ಬದಿಯಡ್ಕದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಬಿಡಿಸಿ ನೋಡೋಣ. ಅವರ ಮಗಳು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಳೆ. ಶಾಲೆಯ ಲ್ಯಾಬಿನಲ್ಲಿ ಬಳಸುವ, ಕೇರಳದ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನೇ ಮನೆಯ ಹಳೆಯ ಲ್ಯಾಪ್‌ಟಾಪಿಗೂ ಹಾಕಿಕೊಡಬೇಕೆಂದು ಅವರು ಐಎಸ್‌ಒ ಕಡತವನ್ನು ಡೌನ್‌ಲೋಡ್ ಮಾಡಿ, ಪೆನ್‌ಡ್ರೈವಿಗೆ ಕಾಪಿ ಮಾಡಿ, ಲ್ಯಾಪ್‌ಟಾಪ್ ಆನ್ ಮಾಡಿದರು. ಬೂಟ್ ಮಾಡಬಲ್ಲ, ಅಂದರೆ ಯಂತ್ರವನ್ನು ಶುರುಮಾಡಬಲ್ಲ, ಸಾಧನವೇ ಇಲ್ಲವೆಂಬ ಉತ್ತರ ಬಂತು. ಪರಿಚಯದ ಹುಡುಗನೊಬ್ಬ ಅದೇ ಕಡತವನ್ನು ಅದೇ ಪೆನ್‌ಡ್ರೈವಿಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆದುಕೊಟ್ಟಾಗ ಇನ್‌ಸ್ಟಾಲ್ ಶುರುವಾಯಿತು. ಆದರೆ ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಕಡತವನ್ನು ಓದಲಾಗುತ್ತಿಲ್ಲ ಎಂದು ನಿಂತುಬಿಟ್ಟಿತು. ಲ್ಯಾಪ್‌ಟಾಪೇ ಕೆಟ್ಟಿದೆಯೇ ಎಂಬುದು ಅವರ ಪ್ರಶ್ನೆ.

ಲ್ಯಾಪ್‌ಟಾಪನ್ನು ಸಂಶಯಿಸುವುದನ್ನು ಕೊನೆಗೆ ಇಟ್ಟುಕೊಳ್ಳೋಣ. ಇನ್‌ಸ್ಟಾಲ್ ದೋಷಗಳ ವಿಷಯದಲ್ಲಿ ನನ್ನ ವಾದ ಇಷ್ಟೇ: ಪರದೆಯ ಮೇಲೆ ದೋಷ ಕಾಣಿಸಿಕೊಳ್ಳುವ ಹಂತ ಬೇರೆ, ಅದು ಹುಟ್ಟಿದ ಹಂತ ಬೇರೆ, ಮತ್ತು ಹುಟ್ಟಿದ ಹಂತ ಬಹಳ ಸಲ ನಾವು ಆಗಲೇ ಮುಗಿಯಿತೆಂದು ಮರೆತ ಡೌನ್‌ಲೋಡ್ ಆಗಿರುತ್ತದೆ.

ಮೊದಲ ಸೋಲನ್ನು ತೆಗೆದುಕೊಳ್ಳೋಣ. ಒಂದು ಸಿಡಿ ಅಥವಾ ಡಿವಿಡಿಯಲ್ಲಿ ಇರಬೇಕಾದುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಹಿಡಿದಿಟ್ಟ ಕಡತವೇ ಐಎಸ್‌ಒ ಎಂಬುದು ನಿಮಗೆ ತಿಳಿದಿದೆ, ಹಾಗಾಗಿ ಅಲ್ಲಿ ನಿಲ್ಲುವುದಿಲ್ಲ. ನಾನು ನಿಲ್ಲಬೇಕೆಂದಿರುವುದು ಅದರ ಆರಂಭದ ಖಾಲಿ ಜಾಗದಲ್ಲಿ. 1988ರ ಐಎಸ್‌ಒ 9660 ಮಾನದಂಡವು ಮೊದಲ 16 ಸೆಕ್ಟರುಗಳೆಂಬ ಸಮಾನ ತುಂಡುಗಳನ್ನು, ಅಂದರೆ ತಲಾ 2,048ರಂತೆ 32,768 ಬೈಟುಗಳನ್ನು, ಅಲ್ಲಿ ಏನಿರಬೇಕೆಂದು ಹೇಳದೆಯೇ ಬಿಟ್ಟುಕೊಟ್ಟಿದೆ.

[ಪರದೆಯ ಮೇಲೆ: ಸೆಕ್ಟರುಗಳ ಸಾಲು, ಮೊದಲ 16 ಬಿಳಿ, ಉಳಿದವು ಬಣ್ಣದವು]

ನಮ್ಮ ಕಡೆಯ ಹಳೆಯ ಮನೆಗಳ ಜಗಲಿಯೂ ಹೀಗೆಯೇ. ಅದು ಮನೆಯದೇ, ಆದರೆ ಮನೆಯೊಳಗಿನ ವ್ಯವಹಾರಕ್ಕೆ ಸೇರಿದ್ದಲ್ಲ. ಯಂತ್ರ ಆನ್ ಆದೊಡನೆ ಬೂಟ್ ಮಾಡಲು ಸಾಧನ ಹುಡುಕುವ, ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಬಯಾಸ್ ಎಂಬ ಅತಿಥಿ ಪೆನ್‌ಡ್ರೈವಿನ ಮನೆಗೆ ಬಂದಾಗ ಜಗಲಿ ದಾಟುವವನಲ್ಲ. ಮೊದಲ 512 ಬೈಟುಗಳನ್ನಷ್ಟೇ ನೋಡಿ, ಅಲ್ಲಿ ಮಾತನಾಡಿಸುವವರು ಯಾರೂ ಇಲ್ಲವೆಂದಾದರೆ ಬಾಯಾರಿಕೆಗೂ ಕಾಯದೆ ಮುಂದಿನ ಮನೆಗೆ ನಡೆದುಬಿಡುತ್ತಾನೆ. ಸಿಡಿಯ ಮನೆಯಲ್ಲಿ ಮಾತ್ರ ಅವನಿಗೆ ಒಳಗಿನ ಬಳಕೆಯಿದೆ. ಸೊನ್ನೆಯಿಂದ ಎಣಿಸಿದರೆ 17ನೆಯ ಸೆಕ್ಟರಿನಲ್ಲಿ ಬೂಟ್ ಮಾಡುವ ವಿವರ ಎಲ್ಲಿದೆಯೆಂದು ಬರೆದಿರಬೇಕು ಎಂಬ ಒಪ್ಪಂದವನ್ನು ಫೀನಿಕ್ಸ್ ಮತ್ತು ಐಬಿಎಂ ಸಂಸ್ಥೆಗಳ ಎಂಜಿನಿಯರುಗಳು 1995ರಲ್ಲಿ ರೂಪಿಸಿದರು. ಅದರ ಹೆಸರು ಎಲ್ ಟೊರಿಟೊ. ಕ್ಯಾಲಿಫೋರ್ನಿಯಾದ ಅದೇ ಹೆಸರಿನ ಮೆಕ್ಸಿಕನ್ ಹೋಟೆಲೊಂದರಿಂದ ಅದು ಬಂತೆಂದು ಹೇಳುತ್ತಾರೆ. ಐಎಸ್‌ಒ 9660ಕ್ಕೂ ಮೊದಲಿನ ರೂಪಕ್ಕೆ ಹೈ ಸಿಯೆರಾ ಎಂಬ ಹೆಸರು ಬಂದದ್ದು 1985ರಲ್ಲಿ ಸಭೆ ನಡೆದ ಹೋಟೆಲಿನಿಂದ. ಈ ಕ್ಷೇತ್ರದ ಹಿರಿಯರು ಹಸಿದ ಹೊಟ್ಟೆಯಲ್ಲಿ ಯಾವ ನಿರ್ಣಯವನ್ನೂ ತೆಗೆದುಕೊಳ್ಳುತ್ತಿರಲಿಲ್ಲವೆಂದು ಕಾಣುತ್ತದೆ.

ಇಂದಿನ ಬಹುತೇಕ ಲಿನಕ್ಸ್ ಐಎಸ್‌ಒಗಳನ್ನು ಐಸೋಹೈಬ್ರಿಡ್ ಎಂಬ ಉಪಾಯದಿಂದ ಕಟ್ಟುತ್ತಾರೆ. ಸಿಡಿಗಾಗಿ ಒಳಗೆ ಎಲ್ ಟೊರಿಟೊ ಇರುವಂತೆಯೇ, ಪೆನ್‌ಡ್ರೈವಿಗಾಗಿ ಆ ಖಾಲಿ ಜಗಲಿಯ ಮೇಲೆ ಒಂದು ಪುಟ್ಟ ಬೂಟ್ ಪ್ರೋಗ್ರಾಮನ್ನೂ ವಿಭಾಗಗಳ ಪಟ್ಟಿಯನ್ನೂ ಕೂರಿಸಿರುತ್ತಾರೆ. ಐಎಸ್‌ಒವನ್ನು ಬೈಟಿಗೆ ಬೈಟು ಪೆನ್‌ಡ್ರೈವಿನ ಮೇಲೆ ಬರೆದರೆ ಪೆನ್‌ಡ್ರೈವಿನ ಜಗಲಿಯೂ ಐಎಸ್‌ಒದ ಜಗಲಿಯೂ ಒಂದೇ ಆಗುತ್ತವೆ. ಬದಿಯಡ್ಕದ ವೀಕ್ಷಕರು ಮಾಡಿದಂತೆ ಬರಿಯ ಕಾಪಿ ಮಾಡಿದರೆ, ಐಎಸ್‌ಒ ತನ್ನ ಜಗಲಿಯ ಸಮೇತ ಇನ್ನೊಬ್ಬರ ಮನೆಯ ಒಳಕೋಣೆಯಲ್ಲಿ ಬಿದ್ದಿರುವ ಗಂಟಾಗುತ್ತದೆ. ಹೊರಗೆ ಅತಿಥಿಗೆ ಕಾಣುವುದು ಪೆನ್‌ಡ್ರೈವಿನ ಸ್ವಂತ ಜಗಲಿ, ಅಲ್ಲಿ ಯಾರೂ ಇಲ್ಲ. ಹೊಸ ಯಂತ್ರಗಳಲ್ಲಿ ಬಯಾಸಿನ ಜಾಗದಲ್ಲಿರುವ ಯುಇಎಫ್‌ಐ ಒಳಗೆ ಬಂದು ನಿಗದಿತ ಫೋಲ್ಡರಿನಲ್ಲಿ ಬೂಟ್ ಕಡತವನ್ನು ಹುಡುಕುತ್ತದಾದರೂ, ಗಂಟು ಬಿಚ್ಚುವ ಕೆಲಸ ಅದರದ್ದೂ ಅಲ್ಲ. ಕಾಪಿ ಮಾಡಿಯೇ ಬೂಟ್ ಮಾಡಬೇಕೆಂಬ ಹಟವಿದ್ದರೆ ಪೆನ್‌ಡ್ರೈವಿನಲ್ಲಿ ಮೊದಲೇ ವೆಂಟಾಯ್ ಎಂಬ ತಂತ್ರಾಂಶವನ್ನು ಹಾಕಿಟ್ಟುಕೊಳ್ಳಬೇಕು; ಗಂಟು ಬಿಚ್ಚುವುದೇ ಅದರ ಉದ್ಯೋಗ.

ಎರಡನೆಯ ಸೋಲು ಹೆಚ್ಚು ಮೋಸದ್ದು, ಏಕೆಂದರೆ ಇಲ್ಲಿ ಬೂಟ್ ಆಗುತ್ತದೆ, ಕನ್ನಡದಲ್ಲಿ ಸ್ವಾಗತದ ಪುಟವೂ ಬರುತ್ತದೆ, ಎಲ್ಲವೂ ಸರಿಯಿದೆ ಎಂಬ ನಂಬಿಕೆ ಹುಟ್ಟುತ್ತದೆ. ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ ಇದೆ, ಅಂದರೆ ಸುಮಾರು 4,800 ಕೋಟಿ ಬಿಟ್‌ಗಳು. ಜೋರು ಮಳೆಗೆ ಕರೆಂಟು ಹೋಗಿ, ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿ, ಮತ್ತೆ ವೈಫೈಗೆ ಮರಳಿ ಮುಗಿಸಿದ ಡೌನ್‌ಲೋಡಿನಲ್ಲಿ ಕೆಟ್ಟ ಭಾಗವು ಕೊನೆಯಲ್ಲಿ ಬೇಕಾಗುವ ಯಾವುದೋ ಪ್ಯಾಕೇಜಿನೊಳಗೆ ಇದ್ದರೆ, ಆ ಪ್ಯಾಕೇಜನ್ನು ಬಿಚ್ಚುವ ಕ್ಷಣದವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ. ನಿಮ್ಮ ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿ: ಒಂದೇ ಹೆಸರಿನ ಕೊನೆಗೆ ಆವರಣದಲ್ಲಿ 1, 2 ಎಂದು ಅಂಟಿಕೊಂಡಿರುವ ಮೂರು ಐಎಸ್‌ಒಗಳು ಅಲ್ಲಿದ್ದರೆ, ಅವುಗಳ ಗಾತ್ರ ಒಂದೇ ಇದೆಯೇ, ಮತ್ತು ಬರೆದದ್ದು ಅವುಗಳಲ್ಲಿ ಯಾವುದನ್ನು?

ಇದಕ್ಕೆ ಪರೀಕ್ಷೆ ಎಸ್‌ಎಚ್‌ಎ-256 ಚೆಕ್‌ಸಮ್. ಕಡತ ಎಷ್ಟೇ ದೊಡ್ಡದಿರಲಿ, ಅದನ್ನು ಪೂರ್ತಿ ಓದಿ 64 ಅಕ್ಷರಾಂಕಗಳ ಒಂದು ಸಾಲನ್ನು ಲೆಕ್ಕ ಹಾಕುತ್ತದೆ. ಆ 4,800 ಕೋಟಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಗುರುತು ಸಿಗದಂತೆ ಬದಲಾಗುತ್ತದೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಇದಕ್ಕೆ ಬೇರೆ ತಂತ್ರಾಂಶ ಬೇಕಿಲ್ಲ.

[ಪರದೆಯ ಮೇಲೆ: ವಿಂಡೋಸ್ ಮತ್ತು ಲಿನಕ್ಸ್ ಆಜ್ಞೆಗಳು; ಹತ್ತು ಸೆಕೆಂಡ್ ಇರಲಿ]

ಬಂದ ಸಾಲನ್ನು ವಿತರಕರ ಜಾಲತಾಣದಲ್ಲಿರುವ ಸಾಲಿನೊಂದಿಗೆ ಹೋಲಿಸಿ. ಹೊಂದದಿದ್ದರೆ ಹೊಸದಾಗಿ ಡೌನ್‌ಲೋಡ್ ಮಾಡಿ, ಸಾಧ್ಯವಿದ್ದರೆ ಟೊರೆಂಟ್ ಮೂಲಕ, ಏಕೆಂದರೆ ಟೊರೆಂಟ್ ಪ್ರತಿ ತುಣುಕನ್ನೂ ಇಳಿಸುವಾಗಲೇ ಪರೀಕ್ಷಿಸಿ ಕೆಟ್ಟದ್ದನ್ನು ಮತ್ತೆ ತರಿಸುತ್ತದೆ. ಟೊರೆಂಟ್ ಎಂದೊಡನೆ ಕದ್ದ ಸಿನಿಮಾ ನೆನಪಾಗುವುದು ಆ ತಂತ್ರಜ್ಞಾನದ ತಪ್ಪಲ್ಲ. ಆದರೆ ಚೆಕ್‌ಸಮ್ಮಿಗೂ ಒಂದು ಮಿತಿಯಿದೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು ಸೇರಿಸಿದ ಐಎಸ್‌ಒದ ಕಡೆಗೆ ಬಳಕೆದಾರರನ್ನು ಕಳುಹಿಸಿದ್ದರು. ಜಾಲತಾಣ ಕೈವಶವಾದ ಮೇಲೆ ಅದರಲ್ಲಿರುವ ಚೆಕ್‌ಸಮ್ಮನ್ನು ಬದಲಿಸುವುದೂ ಕಷ್ಟವಲ್ಲ. ಹಾಗಾಗಿಯೇ ಉಬುಂಟು, ಡೆಬಿಯನ್ ಮೊದಲಾದವು ಚೆಕ್‌ಸಮ್ಮಿನ ಪಟ್ಟಿಗೆ ತಮ್ಮ ಬಳಿಯಷ್ಟೇ ಇರುವ ರಹಸ್ಯ ಕೀಲಿಯಿಂದ ಮಾಡಿದ ಜಿಪಿಜಿ ಸಹಿಯನ್ನೂ ಜೊತೆಗಿಡುತ್ತವೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಚೆಕ್‌ಸಮ್ ಸರಿಯಿದ್ದೂ ಇನ್‌ಸ್ಟಾಲ್ ನಿಂತರೆ ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಪೋರ್ಟ್ ಬಳಸಿ ನೋಡಿ; ರೂಫಸ್ ಐಎಸ್‌ಒ ಮೋಡ್ ಬೇಕೇ, ಬೈಟಿಗೆ ಬೈಟು ಬರೆಯುವ ಡಿಡಿ ಮೋಡ್ ಬೇಕೇ ಎಂದು ಕೇಳಿದಾಗ ಒಂದರಲ್ಲಿ ಆಗದಿದ್ದರೆ ಇನ್ನೊಂದನ್ನು ಆರಿಸಿ. ಡಿಡಿ ಮೋಡಿನಲ್ಲಿ ಬರೆದ ಪೆನ್‌ಡ್ರೈವನ್ನು ವಿಂಡೋಸ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಬೇಕೆಂದು ಅದು ಕೇಳುತ್ತದೆ, ದಯವಿಟ್ಟು ಒಪ್ಪಬೇಡಿ. ವಿಂಡೋಸ್ ಐಎಸ್‌ಒದೊಳಗಿನ ಕಡತಗಳನ್ನು ಕೈಯಾರೆ ಎಳೆದು ಹಾಕುವವರಿಗೆ ಪೆನ್‌ಡ್ರೈವಿನ ಫ್ಯಾಟ್32 ಎಂಬ ಫಾರ್ಮ್ಯಾಟ್ ಅಡ್ಡ ಬರುತ್ತದೆ, ಅದರಲ್ಲಿ 4 ಜಿಬಿಯ ಕಡತ ಹಿಡಿಸುವುದಿಲ್ಲ. 0ಎಕ್ಸ್80070570 ಎಂಬ ವಿಂಡೋಸ್ ದೋಷಸಂಖ್ಯೆಯ ಅರ್ಥ ಕಡತ ಕೆಟ್ಟಿದೆ, ಓದಲಾಗುತ್ತಿಲ್ಲ ಎಂಬುದಷ್ಟೇ. ಹಾರ್ಡ್ ಡಿಸ್ಕ್ ಹೋಯಿತೆಂದು ಅದರಿಂದಲೇ ತೀರ್ಮಾನಿಸಬೇಡಿ. ವಿಂಡೋಸ್ 11 ಯಂತ್ರವನ್ನೇ ಒಪ್ಪದಿದ್ದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಆನ್ ಇದೆಯೇ ನೋಡಿ; ಇಂಟೆಲ್‌ನ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕೇ ಕಾಣಿಸದಿದ್ದರೆ ಬೇಕಾಗಿರುವುದು ಡಿಸ್ಕನ್ನು ಕಾಣಿಸಿಕೊಡುವ ವಿಎಂಡಿ ಡ್ರೈವರ್.

ಕೊನೆಗೆ ಇಟ್ಟುಕೊಂಡ ಲ್ಯಾಪ್‌ಟಾಪಿನ ಸಂಶಯಕ್ಕೂ ಚೆಕ್‌ಸಮ್ಮೇ ಸಾಕ್ಷಿ ಹೇಳಬಲ್ಲದು. ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಕಡತಕ್ಕೆ ಎರಡು ಸಲ ಲೆಕ್ಕ ಹಾಕಿಸಿ. ಕಡತವನ್ನು ಮುಟ್ಟದೆಯೇ ಎರಡು ಬೇರೆ ಬೇರೆ ಸಾಲುಗಳು ಬಂದರೆ, ಕೆಟ್ಟಿರುವುದು ಡೌನ್‌ಲೋಡ್ ಅಲ್ಲ; ರ‍್ಯಾಮ್ ಅಥವಾ ಡಿಸ್ಕ್ ಓದುವಾಗಲೇ ತಪ್ಪುತ್ತಿದೆ. ಆಗ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ, ಮತ್ತು ಅದರ ಫಲಿತಾಂಶ ಕೈಗೆ ಬರುವವರೆಗೆ ಅಂಗಡಿಯವರು ಹೇಳಿದರೆಂದು ಹೊಸ ಡಿಸ್ಕ್ ಕೊಳ್ಳಬೇಡಿ.