ಗೋಡೆಯ ಮೇಲಿನ ಪಟ

ಕೇಳುಗರಿಗೆ ನಮಸ್ಕಾರ.

1955ರ ಡಿಸೆಂಬರ್ 28. ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸಂಗ್ ಪಕ್ಷದ ಪ್ರಚಾರಕರನ್ನು ಕೂರಿಸಿಕೊಂಡು ತರಾಟೆಗೆ ತೆಗೆದುಕೊಂಡರು. ಸೈನಿಕರ ವಿಶ್ರಾಂತಿಧಾಮಕ್ಕೆ ಹೋದರೆ ಗೋಡೆಯಲ್ಲಿ ಸೈಬೀರಿಯಾದ ಬಯಲಿನ ಚಿತ್ರ. ಶಾಲೆಗೆ ಹೋದರೆ ರಷ್ಯಾದ ಕವಿಗಳಾದ ಪುಷ್ಕಿನ್, ಮಯಕೋವ್‌ಸ್ಕಿ. ಕೊರಿಯಾದವರ ಪಟ ಒಂದೂ ಇಲ್ಲ. ಪುಸ್ತಕದ ಪರಿವಿಡಿಯನ್ನೂ ಹೊರಗಿನವರಂತೆ ಕೊನೆಗೆ ಹಾಕುತ್ತೀರಲ್ಲ, ಯಾಕೆ?

ಆ ಭಾಷಣದಿಂದ ಹೊರಟ ಮಾತು ‘ಜೂಚೆ’, ಅಂದರೆ ಸ್ವಾವಲಂಬನೆಯ ತತ್ತ್ವ. ‘ಜು’ ಎಂದರೆ ಯಜಮಾನ, ‘ಚೆ’ ಎಂದರೆ ಮೈ. ನಮ್ಮ ಮನೆಗೆ ನಾವೇ ಯಜಮಾನರು ಎನ್ನಿ. ಜಪಾನಿನ ಕೈಕೆಳಗೆ 35 ವರ್ಷ ಕಳೆದ ಜನಕ್ಕೆ ಇದು ಎದೆಗೆ ತಾಗುವ ಮಾತೇ. ಸೋವಿಯತ್ ನಾಡಿನಿಂದ ಬಂದಿದ್ದ ಕೊರಿಯನ್ ಎದುರಾಳಿಗಳನ್ನು ಪಕ್ಷದಲ್ಲಿ ಮೂಲೆಗೊತ್ತಲೂ ಅದೇ ಮಾತು ಕೆಲಸಕ್ಕೆ ಬಂತು, ಅದು ಬೇರೆ. 1972ರಲ್ಲಿ ಅದು ಸಂವಿಧಾನವನ್ನೂ ಸೇರಿತು.

ಜೂಚೆಯನ್ನು ಕೈಯಲ್ಲಿ ಮುಟ್ಟಿ ನೋಡಬೇಕೆಂದರೆ ವಿನಲಾನ್ ಬಟ್ಟೆಯನ್ನು ಮುಟ್ಟಬೇಕು. ಹತ್ತಿ ಬೆಳೆಯಲು ಒಗ್ಗದ ನಾಡು. ಆದರೆ ಸುಣ್ಣದ ಕಲ್ಲಿದೆ, ಕಲ್ಲಿದ್ದಲಿದೆ. ಅವೆರಡನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಕಾರ್ಬೈಡ್ ಮಾಡಿ, ಅದರಿಂದ ನೂಲು ತೆಗೆಯುವುದು. ಕಂಡುಹಿಡಿದವರು ಕೊರಿಯಾದ ವಿಜ್ಞಾನಿ ರಿ ಸುಂಗ್ ಗಿ, 1939ರಲ್ಲಿ, ಅದೂ ಜಪಾನಿನಲ್ಲಿ! 1961ರಲ್ಲಿ ಹಂಹುಂಗ್‌ನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಕಲ್ಲಿನಿಂದ ಅಂಗಿ! ಬಟ್ಟೆ ಗಟ್ಟಿಮುಟ್ಟು, ಆದರೆ ಒರಟು. ಬಣ್ಣ ಸರಿಯಾಗಿ ಹಿಡಿಯದು. ಕುಲುಮೆಗೋ ಕರೆಂಟಿನ ದಾಹ.

ನನಗೆ ಕಾಣುವುದು ಇಷ್ಟು: ಆ ಸ್ವಾವಲಂಬನೆಯ ಹಿಂದೆ ಸೋವಿಯತ್ ಮತ್ತು ಚೀನಾದಿಂದ ಅಗ್ಗಕ್ಕೆ ಬರುತ್ತಿದ್ದ ಎಣ್ಣೆ ಇತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಎಣ್ಣೆ ಕಡಿಮೆಯಾಯಿತು, ಗೊಬ್ಬರ ಸಾಲದಾಯಿತು, ನೀರೆತ್ತುವ ಪಂಪುಗಳು ನಿಂತವು. 1995ರ ಪ್ರವಾಹ ಉಳಿದ ಬೆಳೆಯನ್ನೂ ಕೊಚ್ಚಿಕೊಂಡು ಹೋಯಿತು. ಹಸಿವಿನಿಂದ ಲಕ್ಷಾಂತರ ಜನ ಸತ್ತರು. ಸರ್ಕಾರ ಹೊರದೇಶಗಳ ಮುಂದೆ ಅಕ್ಕಿಗೆ ಕೈಯೊಡ್ಡಿತು. 1997ರಲ್ಲಿ ಈ ತತ್ತ್ವಕ್ಕೆ ಶಾಸ್ತ್ರದ ರೂಪ ಕೊಟ್ಟಿದ್ದ ಹ್ವಾಂಗ್ ಜಾಂಗ್ ಯೋಪ್ ಅವರೇ ಬೀಜಿಂಗ್‌ನ ದಕ್ಷಿಣ ಕೊರಿಯಾ ದೂತಾವಾಸದ ಕಚೇರಿಗೆ ಹೋಗಿ ಆಶ್ರಯ ಕೇಳಿದರು.

ಅಂದಹಾಗೆ, ಆ ಗೋಡೆಗಳು. ಪುಷ್ಕಿನ್ ಇಳಿದು ಎಷ್ಟೋ ಕಾಲವಾಯಿತು. ಈಗ ಮನೆಮನೆಯ ಗೋಡೆಯಲ್ಲೂ ಕಿಮ್ ಇಲ್ ಸಂಗ್ ಮತ್ತು ಅವರ ಮಗನ ಪಟ. ಆ ಗೋಡೆಗೆ ಇನ್ನೇನನ್ನೂ ತೂಗುಹಾಕುವಂತಿಲ್ಲ. ಧೂಳೊರೆಸುವುದಕ್ಕೆಂದೇ ಬೇರೆ ಬಟ್ಟೆ ಇಟ್ಟಿರುತ್ತಾರೆ.

ನಮಸ್ಕಾರ.