ಮತ್ತೆ ಹೆಸರು ಕೇಳುವ ಶುಶ್ರೂಷಕಿ

ಕೇಳುಗರಿಗೆ ನಮಸ್ಕಾರ. ನಾಲ್ಕಾರು ದಿನಗಳಿಂದ ಆರೈಕೆ ಮಾಡುತ್ತಿರುವ ಶುಶ್ರೂಷಕಿಯೇ ಚುಚ್ಚುಮದ್ದು ಹಿಡಿದು ಬಂದು ಮತ್ತೊಮ್ಮೆ ‘ನಿಮ್ಮ ಪೂರ್ತಿ ಹೆಸರು ಹೇಳಿ’ ಎಂದರೆ ಅನೇಕ ರೋಗಿಗಳಿಗೆ ಬೇಸರವಾಗುತ್ತದೆ. ಆ ಪ್ರಶ್ನೆ ಮರೆವಿನಿಂದ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ರೋಗಿ ಸುರಕ್ಷತೆಯ ಒಂಬತ್ತು ಪರಿಹಾರಗಳಲ್ಲಿ ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವುದೂ ಒಂದು. ಔಷಧ ಕೊಡುವ, ರಕ್ತ ತೆಗೆಯುವ ಅಥವಾ ಏರಿಸುವ ಮುನ್ನ ಹೆಸರು, ಜನ್ಮದಿನಾಂಕ, ನೋಂದಣಿ ಸಂಖ್ಯೆಯಂಥ ಕನಿಷ್ಠ ಎರಡು ಗುರುತುಗಳನ್ನು ತಾಳೆ ನೋಡಬೇಕು. ಹಾಸಿಗೆಯ ಸಂಖ್ಯೆ ಆ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ರೋಗಿಯನ್ನು ಬೇರೆಡೆಗೆ ಬದಲಿಸಿದರೂ ಸಂಖ್ಯೆ ಅಲ್ಲೇ ಉಳಿಯುತ್ತದೆ.

ಇದೆಲ್ಲವೂ ಶುಶ್ರೂಷಕಿಯರಿಗೆ ತಿಳಿದಿರುವ ಪಾಠವೇ. ತಿಳಿದದ್ದು ಆಚರಣೆಯಲ್ಲಿ ಸಡಿಲವಾಗುವುದು ಹೆಚ್ಚಾಗಿ ಪರಿಚಯದಿಂದ ಎಂಬುದು ನನ್ನ ಅಭಿಪ್ರಾಯ. ಹೊಸ ರೋಗಿಯ ಹೆಸರು ಕೇಳಲು ಮರೆಯದವರೂ ನೋಡಿ ಬಲ್ಲ ಮುಖವನ್ನು ಕೇಳಲು ಸಂಕೋಚಪಡುತ್ತಾರೆ. ಕೇಳಿದರೂ ‘ನೀವು ಲಕ್ಷ್ಮಮ್ಮನವರಲ್ಲವೇ?’ ಎಂದು ಕೇಳುತ್ತಾರೆ. ಕಿವಿ ಮಂದವಾದ ಅಥವಾ ಜ್ವರದ ಮಂಪರಿನಲ್ಲಿರುವ ವೃದ್ಧೆ ಯಾವ ಹೆಸರಿಗಾದರೂ ಹೂಂಗುಟ್ಟಬಹುದು. ನಮ್ಮಲ್ಲಂತೂ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಇರುವುದು ವಿಶೇಷವಲ್ಲ. ಆಧಾರ್‌ನಲ್ಲಿರುವ ಹೆಸರು ಒಂದಾದರೆ ಮನೆಯವರು ಕರೆಯುವುದು ಇನ್ನೊಂದು. ಎಷ್ಟೋ ಹಿರಿಯರ ಜನ್ಮದಿನಾಂಕ ದಾಖಲೆಗಳಲ್ಲಿ ಜನವರಿ 1 ಎಂದೇ ಇರುತ್ತದೆ. ಆದ್ದರಿಂದ ಇಲ್ಲಿ ಹೆಸರಿನ ಜೊತೆಗೆ ಮಣಿಕಟ್ಟಿನ ಪಟ್ಟಿಯಲ್ಲಿರುವ ನೋಂದಣಿ ಸಂಖ್ಯೆಯನ್ನು ಓದುವುದೇ ಹೆಚ್ಚು ಭದ್ರವಾದ ದಾರಿ.

ರಕ್ತದ ವಿಷಯದಲ್ಲಿ ತಪ್ಪಿಗೆ ಆಸ್ಪದವೇ ಇಲ್ಲ, ಏಕೆಂದರೆ ಹೊಂದಾಣಿಕೆಯಾಗದ ಗುಂಪಿನ ರಕ್ತ ಸ್ವಲ್ಪವೇ ಒಳಸೇರಿದರೂ ಪ್ರಾಣಕ್ಕೆ ಎರವಾಗಬಹುದು. ಈ ತಪ್ಪಿನ ಬೇರು ಹಲವು ಸಲ ರಕ್ತ ಏರಿಸುವಲ್ಲಿ ಅಲ್ಲ, ಮಾದರಿ ತೆಗೆಯುವಲ್ಲಿ ಇರುತ್ತದೆ: ಖಾಲಿ ನಳಿಕೆಗಳಿಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಂಡರೆ ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಪ್ರಯೋಗಾಲಯ ಸೇರಬಹುದು. ಚೀಟಿಯನ್ನು ರಕ್ತ ತೆಗೆದ ಮೇಲೆ, ರೋಗಿಯ ಪಕ್ಕದಲ್ಲೇ ಅಂಟಿಸಬೇಕು. ಏರಿಸುವ ಮುನ್ನ ಇಬ್ಬರು ಪರಿಶೀಲಿಸುವ ಪದ್ಧತಿ ಹಲವೆಡೆ ಇದೆ. ಆದರೆ ಎರಡನೆಯವರು ಹಾಸಿಗೆಯ ಬಳಿಗೇ ಬಾರದೆ ಮೇಜಿನ ಬಳಿ ಕುಳಿತು ಸಹಿ ಹಾಕಿದರೆ ಅದು ಪರಿಶೀಲನೆಯಲ್ಲ, ಕಾಗದದ ಮೇಲಿನ ಶಾಸ್ತ್ರ.

ನವಜಾತ ಶಿಶು ತನ್ನ ಹೆಸರು ಹೇಳಲಾರದು. ಆದ್ದರಿಂದ ತಾಯಿಗೂ ಮಗುವಿಗೂ ಹೊಂದುವ ಪಟ್ಟಿಗಳನ್ನು ಹೆರಿಗೆ ಕೋಣೆಯಲ್ಲೇ, ಇಬ್ಬರನ್ನೂ ಬೇರ್ಪಡಿಸುವ ಮೊದಲು ಕಟ್ಟಬೇಕು.

ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬ ಶುಶ್ರೂಷಕಿಯನ್ನೇ ಬಿಟ್ಟು, ಅಳಿಸಿಹೋದ ಪಟ್ಟಿಗೆ ಬದಲಿ ಪಟ್ಟಿಯನ್ನೂ ಒದಗಿಸದೆ, ನಿಯಮ ಮೀರಿದ್ದರ ಹೊಣೆಯನ್ನು ಆಕೆಯೊಬ್ಬಳ ಮೇಲೆ ಹೊರಿಸುವ ಆಡಳಿತವನ್ನೂ ಪ್ರಶ್ನಿಸಬೇಕಾಗುತ್ತದೆ.